ಗಂಡನಿಗೆ ಸಹಾಯ ಅಂತ ಬರೆಯಬೇಡ

೨೧೯೩ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕನೇ ದಿನ
ಏಳನೇ ಇಳಿಬಾವಿ, ಶಿರಾ

ಓಬಳಮ್ಮಜ್ಜಿ,

ತಾರೀಕು ನೋಡಿ ಗಾಬರಿಯಾಗಬೇಡ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ತಿಳಿಯದ ಪದ ಬಂದರೆ ಮನ್ನಿಸು, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಕೆಂಚಾಂಬೆ, ನಿನ್ನಿಂದ ಏಳನೇ ತಲೆಮಾರಿನವಳು. ಈ ಕಾಗದ ನಿನಗೆ ತಲುಪುತ್ತದೋ ಇಲ್ಲವೋ ಕಾಣೆ. ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಬೋರ್‌ವೆಲ್ ನೀರನ್ನು ಮೇಲೆತ್ತುತ್ತಿತ್ತು. ನಮ್ಮ ಇಳಿಬಾವಿ ಮಳೆನೀರನ್ನು ಸೋಸಿ, ಮೋಟಾರಿನಿಂದ ಒತ್ತಿ ನೆಲದೊಳಕ್ಕೆ ಇಳಿಸುತ್ತದೆ. ನೀವು ಬರಿದು ಮಾಡಿದ್ದನ್ನು ನಾವು ತುಂಬುತ್ತಿದ್ದೇವೆ, ಇರಲಿ. ಇಲ್ಲಿನ ಮೋಟಾರು ಸುಟ್ಟರೆ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವವಳು ನಾನು. ಇಪ್ಪತ್ತಾರು ವರ್ಷವಾಯಿತು. ಹತ್ತು ಸುತ್ತಿಗೊಂದು ಹುಣಸೆಬೀಜವನ್ನು ಎಡಮಗ್ಗುಲಿಂದ ಬಲಮಗ್ಗುಲಿಗೆ ಸರಿಸುತ್ತೇನೆ, ಹಾಗಾಗಿ ಬಂದವರ ಜೊತೆ ಹರಟುತ್ತಿದ್ದರೂ ಎಣಿಕೆ ತಪ್ಪುವುದಿಲ್ಲ. ಇದನ್ನು ನನಗೆ ಕಲಿಸಿದವಳು ಅವ್ವ, ಅವ್ವನಿಗೆ ಅವಳವ್ವ. ಮೊದಲು ಶುರು ಮಾಡಿದವಳು ನೀನು. ಮನೆಯಲ್ಲಿ ಎಲ್ಲರಿಗೂ ಗೊತ್ತು.

ಈಗ ಹೊಸ ಕಾಯಿದೆ ಬಂದಿದೆ. ಕೈಪಟ್ಟ ಇಲ್ಲದವರು ಇಳಿಬಾವಿಯ ಮೋಟಾರು ಮುಟ್ಟುವಂತಿಲ್ಲ. ಕೈಪಟ್ಟವೆಂದರೆ ಶಾಲೆಗೆ ಹೋಗದೆ ದುಡಿಯುತ್ತಲೇ ಕಲಿತವರಿಗೆ ಕೊಡುವ ಪದವಿ, ಕಾಲೇಜಿನ ಪದವಿಗೆ ಸಮ. ಒಳ್ಳೆಯದೇ. ಪರೀಕ್ಷೆಗೆ ಹೋದೆ, ಸುಟ್ಟ ಮೋಟಾರೊಂದನ್ನು ಅವರ ಕಣ್ಣೆದುರೇ ಕಟ್ಟಿ ಓಡಿಸಿ ತೋರಿಸಿದೆ. ಆಮೇಲೆ ಬೇರುಪತ್ರ ಕೈಗಿಟ್ಟರು. ವಿದ್ಯೆ ಯಾರಿಂದ ಯಾರಿಗೆ ಬಂತೆಂದು ಮೊದಲಿಗರವರೆಗೂ ಅದರಲ್ಲಿ ಬರೆಯಬೇಕು, ಆ ಮೊದಲಿಗರಿಗೆ ಹಳೆಯ ದಾಖಲೆ ಇರಬೇಕು.

ದಾಖಲೆಕೋಣೆಯಿಂದ ನಿಮ್ಮಿಬ್ಬರ ಅರ್ಜಿ ತೆಗೆದರು. ಅನುಭವಕ್ಕೂ ಸರ್ಟಿಫಿಕೇಟ್ ಕೊಡುತ್ತಾರೆಂದು ಕೇಳಿ ೨೦೨೬ರಲ್ಲಿ ನೀನೂ ಹನುಮಂತರಾಯಪ್ಪ ತಾತನೂ ಒಟ್ಟಿಗೆ ಹಾಕಿದ್ದು. ತಾತನದರಲ್ಲಿ ‘ಮೋಟಾರ್ ವೈಂಡಿಂಗ್, ಹದಿನೆಂಟು ವರ್ಷ’ ಎಂದಿದೆ. ನಿನ್ನದರಲ್ಲಿ, ಅದೇ ಜಾಗದಲ್ಲಿ, ನಿನ್ನದೇ ಕೈಬರಹದಲ್ಲಿ, ‘ಗಂಡನಿಗೆ ಸಹಾಯ’. ಅಲ್ಲಜ್ಜಿ, ಯಾವ ಸಹಾಯ? ತಾತ ಬೋರಿನಿಂದ ಮೋಟಾರು ಎತ್ತಿ ತರುತ್ತಿದ್ದ, ಗಿರಾಕಿಯ ಹತ್ತಿರ ಮಾತಾಡುತ್ತಿದ್ದ, ಮತ್ತೆ ಇಳಿಸಿ ಬರುತ್ತಿದ್ದ. ಒಳಗೆ ಕೂತು ಸುತ್ತುತ್ತಿದ್ದವಳು ನೀನು. ‘ಕಟ್ಟೋದು ನಮ್ಮನೇವ್ಳು, ನಂದೇನಿದ್ರೂ ಎತ್ತೋದು ಇಳಿಸೋದು’ ಅಂತ ತಾತನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದನಂತೆ. ಬಾಯಲ್ಲಿ ಹೇಳಿದ, ಕಾಗದದಲ್ಲಿ ಬರೆಯಲಿಲ್ಲ. ಅವನಿಗೆ ಸರ್ಟಿಫಿಕೇಟ್ ಬಂತು, ನಿನ್ನ ಅರ್ಜಿಗೆ ‘ಅನುಭವವಿಲ್ಲ’ ಎಂದು ಮುದ್ರೆ ಬಿತ್ತು.

ಪರೀಕ್ಷೆ ಮಾಡಿದ ಹೆಂಗಸು ಕೆಟ್ಟವಳಲ್ಲ. ‘ಹೆಂಗೂ ದಾಖಲೇಲಿ ನಿಮ್ಮಜ್ಜಿ ಯಜಮಾನ್ರ ಹೆಸರೈತಲ್ಲ, ಅದನ್ನೇ ಬರ್ದುಬಿಡಕ್ಕ, ಇವತ್ತೇ ಪಟ್ಟ ಕೊಡ್ತೀನಿ’ ಅಂದಳು. ನಾನು ಓಬಳಮ್ಮ ಅಂತ ಬರೆದು ಪೆನ್ನು ಮುಚ್ಚಿದೆ. ಬರುವ ಸೋಮವಾರ ವಿಚಾರಣೆ. ಅರ್ಜಿ ತಳ್ಳಿಹಾಕಿದರೆ ಇಳಿಬಾವಿಯ ಬೀಗದಕೈ ಒಪ್ಪಿಸಿ ಹೊರಗೆ ನಡೆಯಬೇಕು, ಮಗಳಿಗೆ ಕಲಿಸುವುದೂ ಅಪರಾಧವಾಗುತ್ತದೆ. ಹೆದರಿಕೆಯಿದೆ, ಸುಳ್ಳೇಕೆ ಹೇಳಲಿ. ಆದರೆ ಬರೆದ ಹೆಸರನ್ನು ಅಳಿಸುವವಳಲ್ಲ ನಾನು. ಆಗುವುದಾಗಲಿ.

ಇದು ತಲುಪುವ ಹೊತ್ತಿಗೆ ಅರ್ಜಿ ಇನ್ನೂ ನಿನ್ನ ಕೈಯಲ್ಲಿದ್ದರೆ ಒಂದು ಕೋರಿಕೆ. ನನಗೋಸ್ಕರ ಅಲ್ಲ, ನನ್ನ ಜಗಳ ನಾನು ಆಡಿಕೊಳ್ಳುತ್ತೇನೆ. ‘ನಂದೇನೈತೆ ಮಹಾ’ ಅನ್ನುವ ಸಂಕೋಚವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಆ ಖಾಲಿ ಜಾಗದಲ್ಲಿ ‘ಮೋಟಾರು ಕಟ್ಟುತ್ತೇನೆ’ ಅಂತ ಬರಿ. ಅಕ್ಷರ ದೊಡ್ಡದಾಗಿಯೇ ಇರಲಿ. ಯಾರಾದರೂ ನಕ್ಕರೆ, ಅವರ ಸುಟ್ಟ ಮೋಟಾರನ್ನು ಅವರ ಮುಂದೆಯೇ ಇಟ್ಟು, ನೀವೇ ಕಟ್ಟಿಕೊಳ್ಳಿ ಅನ್ನು.

ಇಂತಿ ನಿನ್ನ ಶಿಷ್ಯೆ,
ಕೆಂಚಾಂಬೆ