ಶ್ರೀನಿವಾಸಪುರದ ಟಾಕೀಸಿನ ನಾಲ್ಕು ಕಂಬಗಳು

ಚಿತ್ರಮಂದಿರಗಳಿಗೆ ಪರವಾನಗಿ ನೀಡುವ ಮಾನ್ಯರೇ,

ನಾನು ಕಟ್ಟಿದ ಟಾಕೀಸಿನ ನಾಲ್ಕು ಕಂಬಗಳು ಪರದೆಗೆ ಅಡ್ಡವಾಗಿವೆ, ಹದಿನೈದು ದಿನದೊಳಗೆ ಕೀಳಿಸಬೇಕು ಎಂದು ತಾವು ಅಪ್ಪಣೆ ಮಾಡಿದ್ದೀರಿ. ಆ ಕಂಬಗಳ ಮೇಲೆ ಚಾವಣಿಯ ಕಲ್ಲು ಚಪ್ಪಡಿಗಳು ಕೂತಿವೆ. ಆಮೇಲೆ ಎಲ್ಲಿ ಕೂರಬೇಕೆಂದು ಅವುಗಳಿಗೂ ನೋಟೀಸು ಕಳಿಸಿದ್ದೀರಾ?

ತಪ್ಪು ನನ್ನದೇ, ಒಪ್ಪುತ್ತೇನೆ. ಅದನ್ನು ಕಟ್ಟುವವರೆಗೆ ನಾನು ಸಿನಿಮಾ ನೋಡಿದವನಲ್ಲ. ಜನ ಸೇರುವ ಜಾಗವೆಂದರೆ ನನಗೆ ಗೊತ್ತಿದ್ದುದು ಹರಿಕಥೆಯ ಮಂಟಪ. ಅಲ್ಲಿ ಕಂಬ ಯಾರಿಗೂ ಅಡ್ಡಿಯಲ್ಲ, ಒರಗಿಕೊಂಡು ಕಥೆ ಕೇಳುತ್ತಾರೆ. ಇದನ್ನೂ ಹಾಗೇ ಕಟ್ಟಿಬಿಟ್ಟೆ. ಆದರೆ ಸಿನಿಮಾ ಬಲ್ಲವರಾದ ತಾವು ಆ ನಕ್ಷೆಗೆ ರುಜು ಹಾಕಿದಿರಲ್ಲ, ಆಗ ಕಂಬಗಳು ತಮ್ಮ ಕಣ್ಣಿಗೆ ಬೀಳಲಿಲ್ಲವೇ?

ಪರೀಕ್ಷೆಗೆಂದು ಚಿತ್ರ ಓಡಿಸಿದ ದಿನ ನನ್ನ ಹೆಂಡತಿ ಅಕ್ಕಯಮ್ಮ ಹಿಂದೆ, ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಹೊರಗೆ ಬಂದವಳು, "ಸಿನಿಮಾದಾಗೆ ಆಯಮ್ಮ ಅತ್ತಿದ್ದು ಕೇಳಿಸ್ತು ಕಣಯ್ಯಾ, ಯಾಕತ್ತಳೋ ಕಾಣ್ಲಿಲ್ಲ. ನಿನ್ನ ಕಂಬಾನೇ ನೋಡ್ಕೊಂಡು ಕೂತಿದ್ದೆ" ಅಂದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೂರು ದಿನ ಖಾಲಿ ಮಂದಿರದ ಮೂಲೆ ಮೂಲೆಯಲ್ಲೂ ಕೂತು ನೋಡಿದೆ. ಕೊನೆಗೆ ಹೊಳೆಯಿತು: ಪರದೆಯನ್ನು ಪಶ್ಚಿಮದ ಗೋಡೆಯಿಂದ ದಕ್ಷಿಣದ ಗೋಡೆಗೆ ತಂದರೆ ಈಗ ಅಡ್ಡಕ್ಕಿರುವ ಕಂಬಗಳ ಸಾಲು ಪರದೆಯ ಕಡೆಗೇ ಉದ್ದಕ್ಕೆ ಹೋಗುತ್ತದೆ, ಯಾರ ಕಣ್ಣಿಗೂ ಅಡ್ಡ ಬರುವುದಿಲ್ಲ. ಈಚೆ ಹೆಂಗಸರು, ಆಚೆ ಗಂಡಸರು. ನಡುವೆ ತಾವು ಕೇಳಿದ್ದ ಅಡ್ಡಗೋಡೆಯೂ ಬೇಕಿಲ್ಲ.

ನಕ್ಷೆ ತಿದ್ದಿಕೊಂಡು ತಮ್ಮ ಕಚೇರಿಗೆ ನಾಲ್ಕು ಸಲ ಅಲೆದೆ. ಗುಮಾಸ್ತರು ಕಾಗದ ಬಿಚ್ಚಲೂ ಇಲ್ಲ. "ಮಂಜೂರಾದ ನಕ್ಷೇಲಿ ಪರದೆ ಪಶ್ಚಿಮಕ್ಕಿದೆ ಮೇಸ್ತ್ರೀ, ಅಲ್ಲೇ ಇರ್ಬೇಕು" ಅಂದರು.

"ಅದೇ ನಕ್ಷೇಲಿ ಕಂಬಗಳೂ ಅವೆಯಲ್ಲ ಸ್ವಾಮಿ?"

"ಅದು ಬೇರೆ ವಿಷಯ."

ಇನ್ನು ಯಾರ ಬಳಿ ಹೋಗಲಿ? ಕಲ್ಲಿನ ಜೊತೆ ಹೆಣಗಿ ಗೊತ್ತು, ಕಚೇರಿಯ ಜೊತೆ ಗೊತ್ತಿಲ್ಲ. ಕೈಚೆಲ್ಲಿ ಕೂತಿದ್ದೇನೆ.

ಕೀಳುವ ಕೆಲಸಕ್ಕೂ ಟಾಕೀಸಿನ ಮಾಲೀಕರು ನನ್ನನ್ನೇ ಕರೆದಿದ್ದಾರೆ. ಯಾವ ಚಪ್ಪಡಿಯ ಭಾರ ಯಾವ ಕಂಬದ ಮೇಲಿದೆಯೆಂದು ಬಲ್ಲವನು ನಾನೊಬ್ಬನೇ. ಬೇರೆಯವರು ಕೈ ಹಾಕಿದರೆ ಜೀವ ಹೋಗುತ್ತದೆ. ನಾನು ಹಾಕಿದರೂ ಹೋಗಬಹುದು, ಭಯವಾಗುತ್ತಿದೆ. ನನ್ನ ಬೇಡಿಕೆ ಇಷ್ಟೇ: ಗಡುವಿಗೆ ಮುಂಚೆ ಒಮ್ಮೆ ಬನ್ನಿ. ದಕ್ಷಿಣದ ಗೋಡೆಗೆ ಬಿಳಿ ಪಂಚೆಯೊಂದನ್ನು ಕಟ್ಟಿರುತ್ತೇನೆ. ಅಕ್ಕಯಮ್ಮನ ಜಾಗದಲ್ಲಿ ಕೂತು ಎರಡೂ ಗೋಡೆ ನೋಡಿ. ಬರಲಾಗದಿದ್ದರೆ, ಮೊದಲು ಯಾವ ಕಂಬ ಕೀಳಬೇಕೆಂದಾದರೂ ಬರೆದು ತಿಳಿಸಿ. ಆಳುಗಳನ್ನೆಲ್ಲ ಹೊರಗೆ ಕಳಿಸಿ, ಅದರ ಕೆಳಗೆ ನಾನೊಬ್ಬನೇ ನಿಲ್ಲುತ್ತೇನೆ.

ಇಂತಿ,
ಸಿನಿಮಾ ನೋಡದೆ ಟಾಕೀಸು ಕಟ್ಟಿದ ತಪ್ಪಿತಸ್ಥ,
ಕಲ್ಲುಕೆಲಸದ ಮೇಸ್ತ್ರಿ ಮುನಿರಾಮಪ್ಪ
ಶ್ರೀನಿವಾಸಪುರ, ೧೯೪೧