ಅತ್ತೆಯ ಹೆಸರಿನ ಚಮಚ

ಪುಣೆ, ೧೪ ನವೆಂಬರ್ ೧೯೯೮, ಶನಿವಾರ

ನಾಳೆ ಅಲಿಬಾಗದ ಕಡಲ ದಂಡೆಗೆ ಹೋಗಬೇಕು. ಮೀನಿಗೆ ಆಮಿಷವಾಗಲೆಂದು ಸಂಜೆ ಒಂದು ಸ್ಟೀಲ್ ಚಮಚದ ಹಿಡಿ ಕತ್ತರಿಸಿ, ಅರದಿಂದ ಉಜ್ಜಿ ನಯಮಾಡಿ, ಅಂಚಿಗೆ ತೂತು ಕೊರೆದು ಗಾಳ ಸಿಕ್ಕಿಸಿದೆ. ನೀರಿನಲ್ಲಿ ಅದು ಮರಿಮೀನಿನಂತೆ ಹೊಳೆಯುತ್ತದೆ. ಅದರ ಬೆನ್ನಿಗೆ ತೀರಿಹೋದ ಅತ್ತೆಯ ಹೆಸರು ಕೊರೆಸಿದ್ದನ್ನು ನಾನು ನೋಡಿರಲಿಲ್ಲ. ಹೆಂಡತಿ ಗೌರಾ ನೋಡಿದಳು.

"ಮೀನಿನ ವಾಸನಿ ಬಂದ್ರ ನಮ್ಮವ್ವ ಓಣಿನ ಬದಲಸತಿದ್ಲು. ಆಕಿ ಹೆಸರಿಗೇ ಗಾಳ ಹಾಕೀರಲ್ರಿ."

ತವರಿನ ಪಾತ್ರೆಗಳಲ್ಲಿ ಉಳಿದದ್ದು ಇದೊಂದೇ ಎಂದು ಆಮೇಲೆ ಹೇಳಿದಳು. ನನಗೆ ಏನೂ ಅನಿಸಲಿಲ್ಲ. ಅನಿಸದಿರುವುದೇ ಈಗ ಕಾಡುತ್ತಿದೆ.

"ಅರದಲೆ ಹೆಸರು ತಿಕ್ಕಿಬಿಡ್ಲೇನು?" ಎಂದೆ. ಸಮಾಧಾನದ ಮಾತೆಂದುಕೊಂಡಿದ್ದೆ.

ಅವಳು ಅರವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಚಮಚವನ್ನು ಮುಟ್ಟಲಿಲ್ಲ. ನಾಳೆ ಒಯ್ಯಬೇಡಿ ಎಂದೂ ಹೇಳಲಿಲ್ಲ.