ನೋಟೀಸು ತಿಮ್ಮೇಶನಿಗೆ, ತಪ್ಪು ನನ್ನದು

ಮಾನ್ಯ ತನಿಖಾಧಿಕಾರಿಗಳೇ,

ಈ ಪತ್ರದಿಂದ ಒಂದು ವಾಕ್ಯವನ್ನು ಬಿಟ್ಟುಬಿಡಲು ಎರಡು ದಿನ ಮನಸ್ಸು ಮಾಡಿದ್ದೆ. ಈಗ ಅದನ್ನೇ ಮೊದಲು ಬರೆಯುತ್ತೇನೆ: ನಾಗಮಂಗಲದ ನಮ್ಮ ಕಚೇರಿಯ ಐದು ಕಂಪ್ಯೂಟರ್‌ಗಳಿಗೆ ಆ ತಂತ್ರಾಂಶ ಹಾಕಿದವಳು ನಾನು. ನೀವು ನೋಟೀಸು ಕೊಟ್ಟಿರುವುದು ಗುತ್ತಿಗೆ ನೌಕರ ತಿಮ್ಮೇಶನಿಗೆ. ಅವನ ಗುತ್ತಿಗೆ ಈ ತಿಂಗಳು ನವೀಕರಣವಾಗಬೇಕು. ನಿಮ್ಮ ವಿಚಾರಣೆ ಹನ್ನೆರಡನೇ ತಾರೀಖಿಗೆ.

‘ಕಚೇರಿಯ ಮಾಹಿತಿ ವಿದೇಶಕ್ಕೆ ರವಾನೆ’ ಎನ್ನುತ್ತದೆ ನೋಟೀಸು. ನಾವೇ ಹುಡುಕಿದರೂ ಸಿಗದ ಕಡತಗಳು ವಿದೇಶದಲ್ಲಿವೆಯೆಂದಾದರೆ ದಯವಿಟ್ಟು ವಿಳಾಸ ಕೊಡಿ, ಅರ್ಜಿದಾರರು ಕಾಯುತ್ತಿದ್ದಾರೆ. ನಡೆದದ್ದು ಇಷ್ಟು. ಕ್ಷಯರೋಗಕ್ಕೆ ಹೊಸ ಔಷಧಿ ಹುಡುಕುವ ವಿದೇಶದ ವಿಜ್ಞಾನಿಗಳು ತಮ್ಮ ದೊಡ್ಡ ಲೆಕ್ಕವನ್ನು ಚೂರು ಚೂರು ಮಾಡಿ, ಸುಮ್ಮನಿರುವ ಕಂಪ್ಯೂಟರ್‌ಗಳಿಗೆ ಅಂತರ್ಜಾಲದ ಮೂಲಕ ಹಂಚುತ್ತಾರೆ. ಇಷ್ಟವಿದ್ದವರು ಈ ತಂತ್ರಾಂಶ ಹಾಕಿ ತಮ್ಮ ಯಂತ್ರವನ್ನು ಬಿಟ್ಟುಕೊಡಬಹುದು, ಅದು ಮಾಡಿದ ಲೆಕ್ಕ ಅವರಿಗೆ ವಾಪಸು ಹೋಗುತ್ತದೆ. ಸುಮ್ಮನಿರುವ ಕಂಪ್ಯೂಟರ್ ಎಂದರೆ ನನಗೆ ನಮ್ಮ ಕಚೇರಿಯಲ್ಲದೆ ಇನ್ನೇನು ನೆನಪಾಗಬೇಕು? ನಮ್ಮ ಸರ್ವರ್ ಬರುವುದು ಹನ್ನೊಂದಕ್ಕೆ, ಹೋಗುವುದು ಹನ್ನೆರಡಕ್ಕೆ.

ಯಂತ್ರಗಳು ಬಿಸಿಯಾಗತೊಡಗಿದವು. ನಮ್ಮ ಅಟೆಂಡರ್ ಬೀರಮ್ಮ, “ಮೇಡಮ್ಮೋರೇ, ಈ ಡಬ್ಬಕ್ಕೆ ಜರ ಬಂದದೆ ಕನ್ರವ್ವ, ಮುಟ್ಟಿ ನೋಡಿ” ಎಂದರು. ಮರುದಿನದಿಂದ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅದರ ಮೇಲಿಡತೊಡಗಿದರು. ಸಂಜೆಗೆ ಗಟ್ಟಿ ಮೊಸರು. ವಿಜ್ಞಾನದಿಂದ ನಮ್ಮ ತಾಲ್ಲೂಕಿಗೆ ಇಷ್ಟು ಬೇಗ ಇನ್ನಾವ ಪ್ರಯೋಜನವೂ ಆಗಿರಲಾರದು.

ಅನುಮತಿ? ಕೇಳಿದ್ದೆ. ಹಿಂದಿನ ಸಾಹೇಬರು ಕಡತದಿಂದ ತಲೆ ಎತ್ತದೆ, “ಪ್ರಿಂಟ್ರು ಸರಿಯಾಯ್ತದೆ ಅಂದ್ರೆ ಆಕ್ಕೊಳಮ್ಮ” ಎಂದಿದ್ದರು. ಪ್ರಿಂಟರಿನ ವಿಷಯವಲ್ಲವೆಂದು ನಾನು ತಿದ್ದಲಿಲ್ಲ. ಅದನ್ನೇ ಅನುಮತಿಯೆಂದು ಮೂರು ತಿಂಗಳು ನನಗೆ ನಾನೇ ಹೇಳಿಕೊಂಡೆ. ಯಂತ್ರ ಸಾರ್ವಜನಿಕರದು, ವಿದ್ಯುತ್ತೂ ಅವರದೇ. ಉದ್ದೇಶ ಒಳ್ಳೆಯದೆಂದ ಮಾತ್ರಕ್ಕೆ ಅವು ನನ್ನವಾದವೇ? ದಾಖಲೆಗಳಿಗೆ ಅಪಾಯವಿಲ್ಲವೆಂದು ನಂಬಿದ್ದೆ. ಪರೀಕ್ಷಿಸಿ ನೋಡುವಷ್ಟು ಬಲ್ಲವಳಲ್ಲ.

ತಿಮ್ಮೇಶ ಸಿಕ್ಕಿಬಿದ್ದದ್ದು ಹೇಗೆ? ನಮ್ಮ ಎಂಟು ಜನಕ್ಕೆ ಇರುವ ಲಾಗಿನ್ ಒಂದೇ, ಅದು ಅವನದು. ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಲಾಗಿದೆ, ಮೇಲೊಂದು ಕುಂಕುಮದ ಬೊಟ್ಟು. ಉಳಿದವರಿಗೂ ಲಾಗಿನ್ ಕೊಡಿರೆಂದು ನಾವು ಬರೆದ ನಾಲ್ಕು ಪತ್ರಗಳು ನಿಮ್ಮಲ್ಲೇ ಇವೆ. ಹಾಗಾಗಿ ಇಲ್ಲಿ ಯಾರು ಏನು ಮಾಡಿದರೂ ಮಾಡಿದವನು ತಿಮ್ಮೇಶ.

ನಿಮ್ಮ ನೋಟೀಸು ಇಂಗ್ಲಿಷಿನಲ್ಲಿತ್ತು. ಅದನ್ನು ಹಿಡಿದು ಅವನು ನೇರ ನನ್ನ ಮೇಜಿಗೇ ಬಂದ. “ಅಕ್ಕ, ನೀವು ಇಂಗ್ಲಿಷ್ ಮೀಡಿಯಂನೋರು, ಉತ್ರ ಬರ್ಕೊಡಿ. ನಾನ್ ಏನ್ ಮಾಡಿವ್ನಿ ಅಂತ್ಲಾದ್ರೂ ಯೋಳಿ.” ನಾನು ಹೇಳಲಿಲ್ಲ. ತಪ್ಪಿಲ್ಲದ ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದುಕೊಟ್ಟೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ. “ನಿಮ್ ಉಪ್ಕಾರ ಮರೆಯಾಕಿಲ್ಲ ಅಕ್ಕ” ಎಂದು ಹೋದ. ಅಂದು ಬೀರಮ್ಮ ಕೊಟ್ಟ ಮೊಸರನ್ನು ಹಾಗೇ ಹಿಂದಿರುಗಿಸಿದೆ.

ಆದ್ದರಿಂದ ಕೇಳುತ್ತಿದ್ದೇನೆ: ತಿಮ್ಮೇಶನ ನೋಟೀಸನ್ನು ಹನ್ನೆರಡರೊಳಗೆ ಲಿಖಿತವಾಗಿ ಹಿಂಪಡೆಯಿರಿ. ಅದನ್ನು ನನ್ನ ಹೆಸರಿಗೆ ಕೊಡಿ, ಕನ್ನಡದಲ್ಲಿದ್ದರೂ ಓದಬಲ್ಲೆ. ಎಂಟೂ ಜನಕ್ಕೆ ಲಾಗಿನ್ ಕೊಡಿ. ಮುಂದೆ ತಪ್ಪು ಮಾಡುವವರು ತಮ್ಮ ತಮ್ಮ ಹೆಸರಿನಲ್ಲೇ ಮಾಡಲಿ. ತಂತ್ರಾಂಶವನ್ನು ನಿಲ್ಲಿಸಿದ್ದೇನೆ, ಅಳಿಸಿಲ್ಲ. ನಿಮ್ಮವರು ಬಂದು ನೋಡಲಿ. ಮತ್ತೆ ನಡೆಸಲು ಅನುಮತಿ ಕೋರಿದ ಅರ್ಜಿಯೂ ಜೊತೆಗಿದೆ. ಅದರಲ್ಲಿ ಪ್ರಿಂಟರಿನ ಮಾತಿಲ್ಲ.

ಒಂದು ಪ್ರತಿ ಪತ್ರಿಕೆಗೆ, ಒಂದು ತಿಮ್ಮೇಶನಿಗೆ. ಇದು ಕನ್ನಡದಲ್ಲಿದೆ, ಅವನೇ ಓದಿಕೊಳ್ಳುತ್ತಾನೆ.

ಇಂತಿ,
ಇನ್ನೊಬ್ಬರ ಲಾಗಿನ್ನಿನಲ್ಲಿ ಲೋಕೋಪಕಾರ ಮಾಡಿದ
ಸುಧ, ಪ್ರಥಮ ದರ್ಜೆ ಸಹಾಯಕಿ, ನಾಗಮಂಗಲ

ಅಂಚೆಗೆ ಹಾಕುವುದು: ಸೋಮವಾರ, 8 ಜೂನ್ 2026, ತಿಮ್ಮೇಶ ಓದಿ ಮುಗಿಸಿದ ಮೇಲೆ.